ಮೂರನೇ ಸಾಲಿನ ಕುಳ್ಳ ಕಂಬ

ವಿಜಾಪುರ, ಸೋಮವಾರ
ತಾ. ೧೧-೨-೧೯೪೬

ಪ್ರೀತಿಯ ಅಣ್ಣ ಗೊಲ್ಲಾಳಪ್ಪಗ, ತಮ್ಮ ಮಲಕಾಜಪ್ಪನ ಶರಣು.

ನಿನ್ನ ಸೊಂಟದ ನೋವು ಹ್ಯಾಂಗದ? ಸೊಲ್ಲಾಪುರದಾಗ ಗಿರಣಿ ಗ್ವಾಡಿ ಕಟ್ಟಾಕ ಎತ್ತರದ ಮ್ಯಾಲ ಹತ್ತತಿ ಅಂತ ಕೇಳಿದಾಗಿಂದ ನನಗ ಅನ್ನ ಸೇರವಲ್ದು. ಟಿಕೋಟದಾಗ ಅವ್ವ ಆರಾಮ ಅದಾಳ. ಮೂರನೇ ಇಯತ್ತೆಗೆ ಸಾಲಿ ಬಿಟ್ಟಾವ ನಾ, ತಪ್ಪಿದ್ದರ ತಿದ್ದಿಕೊಂಡು ಓದು.

ಕೋಟಿ ಒಳಗಿನ ಹಳೇ ಮಸೂತಿ ದುರಸ್ತಿ ಕೆಲಸಕ್ಕ ಹೊಂಟೇನಿ. ಗುತ್ತೇದಾರ ಅಲ್ಲಿ ಗುರುಪಾದಯ್ಯ ಅನ್ನಾವನ್ನ ಮೇಸ್ತ್ರಿ ಮಾಡಿ ಇಟ್ಟಾನ. ಪುಣೇದಾಗ ಎರಡು ವರ್ಷ ನಕಾಶೆ ತಗಿಯೂದು ಕಲ್ತಾನಂತ. ಅದೇನು ಕಲ್ತಾನೋ, ಕಲ್ಲಿಗೆ ಕೈ ಹಚ್ಚಿದ್ದು ನಾ ನೋಡಿಲ್ಲ. ಬೂಟು ಬಿಚ್ಚಿ ಬರ್ರಿ ಅಂದರೂ ಮಾರಿ ಗಂಟು ಹಾಕತಾನ. ಆ ಮಸೂತಿ ನಿನಗ ಗೊತ್ತದ. ಒಂದು ಕಂಬಕ್ಕ ಹಂಸದ ಸಾಲು, ಮಗ್ಗಲಿನದಕ್ಕ ಬರೇ ಬಳ್ಳಿ, ಮತ್ತೊಂದಕ್ಕ ಹಳಗನ್ನಡ ಅಕ್ಷರ, ಬಾಗಲ ಮ್ಯಾಲ ಪಾರಸಿ. ಹಳೇ ಗುಡಿಗಳ ಕಂಬ, ಒಂದೊಂದು ಒಂದೊಂದು ಎತ್ತರ. ತಂದು ನಿಲ್ಲಿಸಿದವರು ಕುಳ್ಳದರ ತಲಿಗೆ ಚಪ್ಪಟಿ ಕಲ್ಲು ಇಟ್ಟು, ಎಲ್ಲಾ ಸರಿಮಾಡಿ ಮ್ಯಾಲ ತೊಲಿ ಕೂಡಿಸ್ಯಾರ. ಸುಣ್ಣ ಇಲ್ಲ, ಗಾರೆ ಇಲ್ಲ, ಭಾರಕ್ಕ ಭಾರ ನಿಂತದ. ಇವ ಒಳಗ ಬಂದಾವನ "ಯಾವ ಹೆಡ್ಡ ಕಟ್ಟ್ಯಾನಲೇ ಇದನ್ನ, ಒಂದರಂಗ ಒಂದಿಲ್ಲ" ಅಂದ. ಆರುನೂರು ವರ್ಷ ನಿಂತದ್ದು ಹೆಡ್ಡನ ಕೆಲಸಂತ. ಇವ ಕಟ್ಟಿಸಿದ ಸಂಡಾಸದ ಗ್ವಾಡಿ ಮೊದಲನೇ ಮಳಿಗೇ ಹೊಟ್ಟಿ ಮುಂದ ಮಾಡ್ಯದ.

ಮೂರನೇ ಸಾಲಿನ ಕುಳ್ಳ ಕಂಬದ ತಲಿಗಲ್ಲು ವಾರಿ ಅದ, ಚಂದ ಕಾಣಂಗಿಲ್ಲ, ತಗದು ಚೌಕನ್ನ ಹೊಸಾದು ಹಾಕ್ರಿ ಅಂದ. ತೊಲಿಗೆ ಕಟಗಿ ಟೇಕಾ ಕೊಟ್ಟು ತಗದದ್ದಾತು. ಹೊಸ ಕಲ್ಲು ಬೆರಳಷ್ಟು ತೆಳುವಾತು. ಸಂದ್ಯಾಗ ಸುಣ್ಣ ತುಂಬಿಸಿ, ಟೇಕಾ ಬಿಚ್ಚಿಸಿ, ಕಟಗಿ ಬ್ಯಾರೆ ಕೆಲಸಕ್ಕ ಒಯ್ಸಿದ. ನಿನ್ನಿ ನಾ ಸಂದಿಗೆ ಸೂತ್ರದ ದಾರ ಹಿಡದು ನೋಡಿದೆ. ಸುಣ್ಣ ಇಂಗಿ, ದಾರ ಆರಪಾರ ಹೋತು. ಆ ಕಂಬ ಈಗ ಏನೂ ಹೊತ್ತಿಲ್ಲ, ಅಣ್ಣಾ. ಮ್ಯಾಲಿನ ತೊಲಿ ನಡುವ ಕೂದಲೆಳಿಯಷ್ಟು ಬಿರುಕು ಬಿಟ್ಟದ. ತೋರಿಸಿದರ, ಅದು ಕಲ್ಲಿನ ನರ ಅಂತಾನ. ಕಣ್ಣಿಗಿ ಚಾಳೀಸು ಬ್ಯಾರೆ ಹಾಕ್ಯಾನ, ಏನು ಕಾಣತದೋ.

ವೈನಿಗೆ ನಮಸ್ಕಾರ ಹೇಳು, ಹುಡುಗರಿಗೆ ಅವ್ವನ ಮುದ್ದು. ಸೊಂಟಕ್ಕ ಎಣ್ಣಿ ತಿಕ್ಕಿಸಿಕೋ.

ನಿನ್ನ ತಮ್ಮ
ಮಲಕಾಜಪ್ಪ

ತಾ.ಕ.: ಟಪಾಲ ಹೋಗೂ ಹೊತ್ತಾತು. ಶುಕ್ರವಾರ ಆ ತೊಲಿ ಕೆಳಗ ಮೂವತ್ತು ಮಂದಿ ನಮಾಜಿಗೆ ನಿಂದರತಾರ. ಬಾಂಗ ಕೊಡೂ ಇಸ್ಮಾಯಿಲ ಮುತ್ಯಾಗ ಬಿರುಕಿನ ಸುದ್ದಿ ಹೇಳಿದೆ. "ಕಲ್ಲು ಯಾರು ತಗದರಪಾ?" ಅಂತ ಕೇಳಿದ. ಗುರುಪಾದಯ್ಯ ಅಂದೆ. ಸುಳ್ಳು. ಅವ ಬಾಯಿಲೆ ಹೇಳಿದ, ತಗದಾವ ನಾ. ತಗೀಬಾರದಂತ ಗೊತ್ತಿತ್ತು, ಕೆಲಸ ಹೋದೀತಂತ ಬಾಯಿ ಮುಚ್ಚಿಕೊಂಡೆ. ಹಳೇ ಕಲ್ಲು ಅಂಗಳದಾಗ ಅದ, ಒಡದಿಲ್ಲ. ಗುರುವಾರ ಬಾ, ತೊಲಿ ಎತ್ತಿ ಅದನ್ನ ಕೂಡಿಸೂದು ನನ್ನ ಒಬ್ಬನ ಕಡಿಂದ ಆಗಂಗಿಲ್ಲ. ನೀ ಬಂದರೂ ಬರದಿದ್ದರೂ ಮುತ್ಯಾಗ ಇವತ್ತ ಖರೇ ಹೇಳತೇನಿ. ಟಪಾಲ ಪೆಟಿಗಿ ಅವನ ಮನಿ ಹಾದಿಯಾಗ ಅದ.