ಗೆರೆಯ ಹಳದಿ

ಗಜೇಂದ್ರಗಡ, ೧೪ ನವೆಂಬರ್, ಶುಕ್ರವಾರ

ನನ್ನ ಪುಟ್ಟ ಮಾದರಿ ಬೋಗಿಗೆ ಕಿಟಕಿಯ ಕೆಳಗೆ ಹಳದಿ ಗೆರೆ ಎಳೆದು ಮುಗಿಸಿದೆ. ಹಳೆಯ ರೈಲಿನ ಹಳದಿ ಬಳಿದ ತಗಡಿನ ಚೂರೊಂದನ್ನು ಎದುರಿಗಿಟ್ಟುಕೊಂಡೇ ಬಣ್ಣ ಕಲಸಿದ್ದೆ. ಸೀರೆ ನೇಯುವ ಅಪ್ಪ, ನೂಲಿಗೆ ನೂಲು ಹೊಂದಿಸುವವರ ಹಾಗೆ, ಎರಡನ್ನೂ ಬಿಸಿಲಿಗೆ ಹಿಡಿದು ನೋಡಿದರು.

"ನಿನ್ನ ಗೆರಿ ಹಸರಿಗೆ ತಿರಗೇತಲ್ಲೋ ತಮ್ಮಾ."

ಅಪ್ಪನ ಕಣ್ಣು ಹೋಯಿತೆಂದುಕೊಂಡು, ಬೋಗಿಯನ್ನು ಒಳಗೊಯ್ದು ಹೆಂಡತಿ ರಾಜೇಶ್ವರಿಗೆ ತೋರಿಸಿ, ಅಪ್ಪ ಅಂದದ್ದನ್ನು ಹೇಳಿದೆ. ಅವಳು ಗೆರೆಯನ್ನೊಮ್ಮೆ ನೋಡಿ, ಆಮೇಲೆ ನನ್ನ ಮುಖವನ್ನೇ ನೋಡಿದಳು.

"ಮಾವಾರು ಹೇಳಿದ್ದು ಖರೇ ಐತ್ರಿ. ನಿಮಗ ಹಸರ ಕಾಣವಲ್ದೇನ್ರಿ?"

ಕಾಣುತ್ತಿಲ್ಲ. ಸಂಜೆಯವರೆಗೂ ಬಿಸಿಲಿನಲ್ಲಿ ಹಿಡಿದು ಹಿಡಿದು ನೋಡಿದೆ. ನನಗೆ ಎರಡೂ ಒಂದೇ.

ಅಪ್ಪ ನೇಯಲಿರುವ ಮದುವೆ ಸೀರೆಗೆ ಹಳದಿ ನೂಲನ್ನು ನಿನ್ನೆ ನಾನೇ ಆರಿಸಿ ತಂದಿದ್ದೇನೆ. ಗಂಟು ಇನ್ನೂ ಮಗ್ಗದ ಪಕ್ಕದಲ್ಲಿದೆ. ಬೆಳಗಾದರೆ ಅಪ್ಪ ಅದನ್ನು ಬಿಚ್ಚಿ ಬಿಸಿಲಿಗೆ ಹಿಡಿಯುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ…