ಸೀಡಿ ನಿಂತುಬಿಡುತ್ತಿದ್ದ ಜಾಗ

ಅಮ್ಮಾ,

ನೀನು ಹೋದ ಮೇಲೆ ನಾನು ಮೊದಲು ನೋಡಿದ ಸಿನಿಮಾ ಯಾವುದು ಗೊತ್ತೇ? ನಿನ್ನದೇ. ಮನೆ ಬಿಟ್ಟು ಹೋದ ಮಗಳು ವಾಪಸು ಬರುವ ಆ ಹಳೆಯದು. ಜಗಳೂರಿನ ನಮ್ಮ ಮನೆಯಲ್ಲೇ, ಪಕ್ಕದ ಮನೆಯ ಶಮೀಮಕ್ಕನ ಜೊತೆ. ನೀನು ನಗುತ್ತೀಯ. ಆಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಅಂತ ನಿನಗೆ ಗೊತ್ತಿತ್ತಲ್ಲ.

ಕಾಲೇಜು ರಜೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ನೀವಿಬ್ಬರೂ ಶೇಂಗಾ ಬಿಡಿಸುತ್ತಾ ಟಿವಿ ಮುಂದೆ ಕೂತಿದ್ದಿರಿ. "ಅವನ ಮಾತು ನಂಬಬ್ಯಾಡ್ವೇ, ಹೋದ ಸಲಾನೂ ಹಿಂಗೇ ಮಾಡ್ದೆ!" ಅಂತ ಶಮೀಮಕ್ಕ ನಾಯಕಿಗೆ ಬೈಯುತ್ತಿದ್ದಳು. ಸ್ವಲ್ಪ ಸುಮ್ಮನಿರಿ, ಏನೂ ಕೇಳಿಸುತ್ತಿಲ್ಲ ಅಂದೆ ನಾನು. "ನಮಗೆ ಕೇಳ್ಸಿದ್ದೇ ಐತಲ್ಲೇ," ಅಂದೆ ನೀನು. ಇಬ್ಬರೂ ನಕ್ಕಿರಿ. ನಾನು ಪುಸ್ತಕ ಹಿಡಿದು ಒಳಗೆ ಹೋದೆ. ಹೋಗದೆ ಅಲ್ಲೇ ಕೂತಿದ್ದರೆ...

ಮಗಳು ಬಾಗಿಲಿಗೆ ಬಂದು ನಿಲ್ಲುವಲ್ಲಿ ಸೀಡಿಗೆ ಗೀರು ಬಿದ್ದಿತ್ತು. ಚಿತ್ರ ಚೂರುಚೂರಾಗಿ ನಿಂತುಬಿಟ್ಟು, ಆಮೇಲೆ ತಾಯಿ ಮಗಳು ಊಟಕ್ಕೆ ಕೂತಲ್ಲಿಗೆ ಹಾರುತ್ತಿತ್ತು. ನಡುವಿನ ಮಾತುಗಳನ್ನು ನೀವೇ ಆಡುತ್ತಿದ್ದಿರಿ. ಶಮೀಮಕ್ಕ ಮಗಳು, ನೀನು ತಾಯಿ.

"ಯವ್ವಾ, ಬಂದೆ."

"ಸೀಟು ಸಿಕ್ತೇನೇ ಬಸ್ಸಿನಾಗೆ? ಕಾಲು ತೊಳ್ಕಂಡು ಬಾ, ರೊಟ್ಟಿ ಬಿಸಿ ಐತೆ."

ಒಳಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ನಾನು ನಿನ್ನನ್ನು ಯವ್ವಾ ಅಂತ ಕರೆದವಳೇ ಅಲ್ಲ. ಶಾಲೆ ಕಲಿಸಿದ್ದು ಮಮ್ಮಿ. ಅಲ್ಲಿಂದ ಅಮ್ಮಾ ಅನ್ನುವಷ್ಟು ದೂರ ಬರುವುದಕ್ಕೇ ನನಗೆ ವರ್ಷಗಳು ಬೇಕಾದವು. ಆಕೆಗೆ ಅದೆಷ್ಟು ಸಲೀಸು!

ಕೆಲಸದ ಮೇಲೆ ಚನ್ನಗಿರಿಗೆ ಬಂದ ಹೊಸದರಲ್ಲಿ, ಪೆನ್‌ಡ್ರೈವಿನಲ್ಲಿ ಅದೇ ಸಿನಿಮಾದ ಗೀರಿಲ್ಲದ ಪ್ರತಿಯನ್ನು ಊರಿಗೆ ತಂದೆ. ಈ ಸಲ ನಿನ್ನ ಪಕ್ಕ ನಾನೇ ಕೂತೆ. ಬಾಗಿಲಿನ ದೃಶ್ಯ ಬಂತು. ತಾಯಿ ಮಗಳನ್ನು ತಬ್ಬಿಕೊಂಡು ಅಳುತ್ತಾ ಮಾತಾಡಿದಳು, ಮಾತಾಡುತ್ತಲೇ ಇದ್ದಳು. "ಬಿಸಿಲಾಗೆ ಬಂದಿರೋ ಹುಡುಗೀನ ಎಷ್ಟೊತ್ತು ನಿಲ್ಲಿಸ್ಕಂತಾಳೆ? ಒಂದು ಲೋಟ ನೀರಾದ್ರೂ ಕೊಡಬಾರ್ದೇನು?" ಅಂದೆ ನೀನು. "ಇದು ಬ್ಯಾರೆ ಸಿನಿಮಾ ಬಿಡ್ರಿ ಅಕ್ಕಾ," ಅಂದಳು ಶಮೀಮಕ್ಕ. ಮಾರನೆಯ ದಿನ ಮತ್ತೆ ಅದೇ ಗೀರು ಸೀಡಿ! ಎಷ್ಟು ಉರಿಯಿತು ನನಗೆ.

ಒಳ್ಳೆಯ ಸಿನಿಮಾಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೊಗಳಿದ್ದೇನೆ ಕೂಡ. ಮತ್ತೊಮ್ಮೆ ನೋಡಬೇಕು ಅನಿಸಿದ್ದು ಕಡಿಮೆ. ಎಲ್ಲವನ್ನೂ ಅವೇ ಹೇಳಿ ಮುಗಿಸಿರುತ್ತವೆ ಅಂತಲೇ? ನಿಮ್ಮದರಲ್ಲಿ ನಿಮಗೂ ಒಂದಿಷ್ಟು ಮಾತು ಉಳಿದಿರುತ್ತಿತ್ತು. ನನಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ಅಥವಾ ನಾನೇ ಕೇಳಲಿಲ್ಲವೋ?

ಮೊನ್ನೆ ಭಾನುವಾರ ಕೇಳಿದೆ. ಶಮೀಮಕ್ಕ ಸೀಡಿ ಹಾಕಿದಳು. ಬಾಗಿಲ ಹತ್ತಿರ ಚಿತ್ರ ನಿಂತಿತು. ಆಕೆ ಬಾಯಿ ತೆರೆಯುವ ಮೊದಲೇ ನಾನು "ಯವ್ವಾ, ಬಂದೆ" ಅಂದುಬಿಟ್ಟೆ.

"ಏ, ಅದು ನಂದು!" ಆಕೆ ಶೇಂಗಾ ಮೊರ ಕೆಳಗಿಟ್ಟಳು. "ನೀನು ನಿಮ್ಮವ್ವನ ಪಾರ್ಟು ಮಾಡು."

"ನಂಗೆ ಅಮ್ಮನ ಮಾತು ಬರಲ್ಲ ಶಮೀಮಕ್ಕ."

"ಯಾಕೆ ಬರಲ್ಲ? ಹಾಸ್ಟೆಲಿಂದ ಬಂದಾಗ ನಿಮ್ಮವ್ವ ನಿನ್ನ ಏನು ಕೇಳ್ತಿದ್ರು? ಅವೇ ಮಾತು. ಸಿನಿಮಾಕ್ಕೆ ಅಂತ ಬ್ಯಾರೆ ಎಲ್ಲಿಂದ ತರ್ತಾರೆ?"

ಅಮ್ಮಾ, ಅವು ನೀನು ನನಗೆ ಆಡಿದ ಮಾತುಗಳೇ ಆಗಿದ್ದವೇ? ಹಾಗಿದ್ದರೆ ಇಷ್ಟು ವರ್ಷ ಆ ಬಾಗಿಲಿಗೆ ಆಕೆ ಬರುತ್ತಿದ್ದದ್ದು ನಾನಾಗಿಯೇ... ಇದು ತಿಳಿದ ಮೇಲೆ ಹೊಟ್ಟೆಕಿಚ್ಚು ಇಳಿಯಬೇಕಿತ್ತು, ಅಲ್ಲವೇ? ಇಳಿಯಲಿಲ್ಲ. ಆದರೂ ಮಗಳ ಪಾರ್ಟನ್ನು ಆಕೆಗೇ ಬಿಟ್ಟುಕೊಟ್ಟೆ.

"ಯವ್ವಾ, ಬಂದೆ," ಅಂದಳು.

"ಸೀಟು ಸಿಕ್ತೇನೇ ಬಸ್ಸಿನಾಗೆ?"

"ಎಲ್ಲಿ ಸಿಗ್ತೈತೆ, ನಿಂತ್ಕಂಡೇ ಬಂದೆ."

ಅಷ್ಟರಲ್ಲಿ ಟಿವಿಯಲ್ಲಿ ಅವರು ಊಟಕ್ಕೆ ಕೂತಾಗಿತ್ತು. ರೊಟ್ಟಿಯ ಮಾತು ಬಿಟ್ಟೆ ಅಂತ ಶಮೀಮಕ್ಕ ಬೈದಳು. ಬರುವ ಭಾನುವಾರ ಬಿಡುವುದಿಲ್ಲ.