ಜೋಳ ತಿನ್ನುವ ಹಲ್ಲು

ಬೀದರ್, ೯ ಸೆಪ್ಟೆಂಬರ್ ೧೯೪೮

ಶಾಲೆ ಬಿಟ್ಟ ಮೇಲೂ ಚಿತ್ರದ ಮುಂದೆ, ಡ್ರಾಯಿಂಗ್ ಮಾಸ್ತರನ ಪಾಡು. ವಿಜ್ಞಾನದ ಪಾಠಕ್ಕೆ ಗೋಡೆಯಗಲದ ಡೈನೋಸಾರ್, ಮಾಂಸ ತಿನ್ನುವುದು. ಬಾಲ, ಪುಟ್ಟ ಕೈ ಬರೆದಾಯಿತು. ಪುಸ್ತಕದ ಚಿತ್ರದಲ್ಲಿ ಬಾಯಿ ಮುಚ್ಚಿದೆ. ಮಾದರಿಗೆ ಬೇರೆ ಸಿಗದೆ, ಕನ್ನಡಿಯಲ್ಲಿ ನನ್ನ ಬಾಯಿಯನ್ನೇ ನೋಡಿ ಹಲ್ಲು ಬರೆದೆ.

ವಿಜ್ಞಾನದ ಮುನೀರೋದ್ದೀನ ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಶಿವರಾಜಪ್ಪನವರ, ಜ್ವಾಳದ ರೊಟ್ಟಿ ತಿಂತದೇನ್ರಿ ಇದು? ಕೊಳ್ಳಾಗ ಒಂದು ಲಿಂಗಾನೂ ಕಟ್ಟಿಬಿಡ್ರಿ!"

ಅದು ಅಗಿಯುತ್ತಿರಲಿಲ್ಲವಂತೆ. ಹರಿದು ನುಂಗುವುದು. ಸತ್ತದ್ದು ಸಿಕ್ಕರೂ ಬಿಡದು. ತಿಂದರೆ ದಿನಗಟ್ಟಲೆ ನಿದ್ದೆ.

"ನೀವು ತಿದ್ದಬ್ಯಾಡ್ರಿ, ಮತ್ತ ಕೆಡಸ್ತೀರಿ. ಔರಾದಿಗಿ ಹೋಗಿ ಅಮ್ಮೀನ ಕರ್ಕೊಂಡು ಬರ್ತೇನಿ. ಬಂದು ತೋರಸ್ತೇನಿ."

೧೨ ಸೆಪ್ಟೆಂಬರ್

ಮಾಸ್ತರರು ತಾಯಿಯನ್ನು ಕರೆತರಲು ಬೆಳಗಿನ ಬಸ್ಸಿಗೆ ಹೋದರು. ಅವರ ಹೆಂಡತಿ ಮುನವ್ವರ ಬೇಗಂ ಅಲ್ಲಿಯವರೆಗೆ ಚಿದ್ರಿಯ ನಮ್ಮ ಮನೆಯಲ್ಲಿ. ಎರಡು ದಿನದ ಮಾತು.

೧೯ ಸೆಪ್ಟೆಂಬರ್

ಹಿಂದೂಸ್ತಾನದ ಮಿಲಿಟರಿ ಬಂತು. ನಿಜಾಮನ ರಜಾಕಾರರ ಕಾಲ ಮುಗಿಯಿತೆಂದು ಬೀದಿಯಲ್ಲಿ ಪೇಡೆ ಹಂಚಿದರು. ನಾನೂ ತಿಂದೆ.

ಔರಾದಿನ ಬಸ್ಸು ಇನ್ನೂ ಇಲ್ಲ.

೨೪ ಸೆಪ್ಟೆಂಬರ್, ಮಧ್ಯಾಹ್ನ

ನನ್ನ ಹೆಂಡತಿ ಕಸ್ತೂರಿಯ ತಮ್ಮ ಹಾವಗೆಪ್ಪ ಭಾಲ್ಕಿಯಿಂದ ಬಂದ. ಬೇಸಿಗೆಯಲ್ಲಿ ರಜಾಕಾರರು ಅವನ ಮನೆ ಸುಟ್ಟಿದ್ದರು. ಒಳಗೆ ಬೇಗಂರನ್ನು ಕಂಡ.

"ಮಾಮಾ, ಇವ್ರನ್ಯಾಕ ಇಟ್ಕೊಂಡೀರಿ?"

ಕಸ್ತೂರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಉಣ್ಲಾಕ ಬಂದಿದ್ರ ಕೂಡು. ಇಲ್ಲಂದ್ರ ನಡಿ."

ಕೂತ. ಉಂಡ. ಅಂಗಳದಲ್ಲಿ ಕೈ ತೊಳೆಯುತ್ತ ಹೇಳಿದ— ಔರಾದಿನಿಂದ ಹೊರಟ ಮೊದಲ ಬಸ್ಸು. ದಾರಿಯಲ್ಲಿ ನಿಲ್ಲಿಸಿ, ಹೆಸರು ಕೇಳಿ ಮುಸಲ್ಮಾನರನ್ನು ಇಳಿಸಿದರಂತೆ. ಹೆಣ ಹೊಲದ ಬಾವಿಗೆ. ಕನ್ನಡಕದ ಮಾಸ್ತರನೊಬ್ಬ, ಜೊತೆಗೊಬ್ಬಳು ಮುದುಕಿ.

"ಮುದುಕೀನೂ ಬಿಡಲಿಲ್ಲಂತರಿ, ಮಾಮಾ."

ಅವನ ದನಿಯಲ್ಲಿ ಗೆಲುವಿರಲಿಲ್ಲ.

೨೫ ಸೆಪ್ಟೆಂಬರ್

ಬೇಗಂ ಬಾಗಿಲ ಮರೆಯಿಂದ ಕೇಳಿದರು. "ಭಾಯಿಸಾಬ, ನೀವು ಬರೀಲತಿದ್ದ ಆ ಜಾನವಾರ... ಹೊಟ್ಟಿ ತುಂಬಿದ ಮ್ಯಾಲೂ ಕೊಲ್ತಿತ್ತೇನ್ರಿ?"

"ಇಲ್ರಿ. ತಿಂದು ಮಲಗ್ತಿತ್ತಂತ."

ಹೋಗಿ ಕಸ್ತೂರಿಯ ಪಕ್ಕ ಕೂತು ಹಿಟ್ಟು ನಾದಿದರು. ಕೈಯಲ್ಲಿ ಬಳೆ ಇನ್ನೂ ಇವೆ. ನಿನ್ನೆ ಅಂಗಳದ ಮಾತು ಕೇಳಿಸಿತ್ತೆ... ಕೇಳುವ ಧೈರ್ಯ ನನಗಿಲ್ಲ.

೧೮ ಅಕ್ಟೋಬರ್

ಶಾಲೆ ತೆರೆಯಿತು. ಹೊಸ ಹೆಡ್‌ಮಾಸ್ತರರು ಚಿತ್ರದ ಮುಂದೆ ನಿಂತರು.

"ಏನ್ರಿ ಇದು, ಮನಷ್ಯಾರ ಹಲ್ಲು! ನಾಳಿಗಿ ಇನ್‌ಸ್ಪೆಕ್ಟರ್ ಬರ್ತಾರ. ತಿದ್ದಿಬಿಡ್ರಿ."

ಬಣ್ಣ ಕಲಸಿದೆ. ಕುಂಚ ಎತ್ತಿದೆ. ಬಸ್ಸು ನಿಲ್ಲಿಸಿದವರದೂ ಜೋಳ ತಿನ್ನುವ ಹಲ್ಲೇ. ಕನ್ನಡಿಯಲ್ಲಿ ನಾನು ನೋಡಿದಂಥವೇ.

ಮನೆಯಲ್ಲಿ ಬೇಗಂ ಇವತ್ತೂ ಬರುವವರಿಗೆಂದು ಎರಡು ರೊಟ್ಟಿ ಮುಚ್ಚಿಟ್ಟಿದ್ದಾರೆ.

ಕುಂಚ ತೊಳೆದಿಟ್ಟೆ. ಹೆಡ್‌ಮಾಸ್ತರರಿಗೆ ಹೇಳಿದೆ— ಮುನೀರೋದ್ದೀನ ಮಾಸ್ತರರು ಔರಾದಿಗೆ ಹೋಗಿದ್ದಾರೆ, ಅವರು ಬಂದು ತೋರಿಸಿದ ಮೇಲೆ ತಿದ್ದುತ್ತೇನೆ.